ಚಲಿಸುವ ಮನೆಯ ವಿದ್ಯುತ್ತು

1902ನೆಯ ಇಸವಿಯಲ್ಲಿ ಶಿವನಸಮುದ್ರದ ವಿದ್ಯುತ್ತು ತಂತಿಯ ಮೂಲಕ ಸುಮಾರು 147 ಕಿಲೋಮೀಟರು ಸಾಗಿ ಕೋಲಾರದ ಚಿನ್ನದ ಗಣಿಗಳನ್ನು ತಲಪಿದುದನ್ನು ವಾಚಕರು ಬಲ್ಲರು. ಬೆಂಗಳೂರಿಗೆ ದೀಪ ಬಂದುದು ಅದಾದ ಮೂರು ವರ್ಷಗಳ ಮೇಲೆ. ಅಂತಹ ಸೀಮೆಯವರಾದ ನಾವು ಕಳೆದ ಬೇಸಗೆಯಲ್ಲಿ ತಂತಿಯ ಹಂಗಿಲ್ಲದೆ ನಾಲ್ಕು ದಿನ ಸಂಚರಿಸಿ ಬಂದೆವು.

ನಮ್ಮ ಸೋದರಳಿಯನು ವ್ಯಾನೊಂದರಲ್ಲಿ ಮಂಚ, ಅಡಿಗೆಯ ಕಟ್ಟೆ, ಪುಟ್ಟ ಫ್ರಿಜ್ಜು ಇವುಗಳನ್ನು ಅಳವಡಿಸಿರುವನು. ಮಂಚದ ಕೆಳಗೆ 12 ವೋಲ್ಟಿನ, 150 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿ, ಪಕ್ಕದಲ್ಲಿ ಇನ್ವರ್ಟರು. ಬ್ಯಾಟರಿಯ ಏಕಮುಖ ಪ್ರವಾಹವನ್ನು ಮನೆಯ 230 ವೋಲ್ಟಿನ ಪರ್ಯಾಯ ಪ್ರವಾಹವಾಗಿ ಮಾರ್ಪಡಿಸುವುದೇ ಇದರ ಕೆಲಸ. ‘ಪರಿವರ್ತಕ’ವೆಂದು ಕರೆಯೋಣವೆಂದೆವು, ಅಳಿಯನು ನಕ್ಕು ಸುಮ್ಮನಾದನು. ವಾಹನವು ಓಡುವಾಗ ಎಂಜಿನ್ನೇ ಈ ಬ್ಯಾಟರಿಯನ್ನು ತುಂಬುವುದು.

ಫ್ರಿಜ್ಜು ನಮಗೆ ವಿಲಾಸದ ವಸ್ತುವಾಗಿರಲಿಲ್ಲ. ನಮ್ಮ ಮನೆಯವರಿಗೆ ಮಧುಮೇಹ. ಒಡೆಯದ ಇನ್ಸುಲಿನ್ ಸೀಸೆಗಳನ್ನು 2ರಿಂದ 8 ಡಿಗ್ರಿಗಳೊಳಗೆ ಇಡತಕ್ಕದ್ದು.

ಮಾಲೂರಿನಿಂದ ಹೊರಟು, ಕೋಲಾರದಲ್ಲಿ ಕೋಲಾರಮ್ಮನ ದರ್ಶನ ಮಾಡಿ, ಸಂಜೆ ಮುಳಬಾಗಿಲಿನ ಸಮೀಪದ ಆವನಿಯಲ್ಲಿ ತಂಗಿದೆವು. ವಿದ್ಯುತ್ತಿನ ಒಲೆಯ ಮೇಲೆ ಅನ್ನ, ಸಾರು ಆದುವು. ಅರ್ಧ ಗಂಟೆ ಹಿಡಿದಿರಬಹುದು. ನಡುರಾತ್ರಿ ಇನ್ವರ್ಟರು ಕೂಗತೊಡಗಿತು; ಸ್ವಲ್ಪ ಹೊತ್ತಿನಲ್ಲಿ ಫ್ರಿಜ್ಜೂ ನಿಂತಿತು.

ಬರಿಯ ಗುಣಾಕಾರವನ್ನು ನಾವು ಮಾಡದೆ ಹೋದುದೇ ತಪ್ಪು. ಮೂವತ್ತು ವರ್ಷ ಹುಡುಗರಿಗೆ ಲೆಕ್ಕ ಹೇಳಿದವರು! 12ನ್ನು 150ರಿಂದ ಗುಣಿಸಿದರೆ 1800 ವಾಟ್-ಗಂಟೆ. ಸೀಸದ ಬ್ಯಾಟರಿಯು ಬಹುಕಾಲ ಬಾಳಬೇಕಾದರೆ ಅದರಲ್ಲಿ ಅರ್ಧವನ್ನು ಮಾತ್ರ ಬಳಸಬೇಕು; ಅಂದರೆ 900. ಒಲೆಯು 1500 ವಾಟಿನದು. ಅರ್ಧ ಗಂಟೆಗೆ 750ನ್ನು ನುಂಗಿತು. ಇನ್ವರ್ಟರಿನಲ್ಲಿ ಸೋರಿದುದು ಬೇರೆ. ಮೇಲಾಗಿ, ಒಮ್ಮೆಗೇ ಹೆಚ್ಚು ಪ್ರವಾಹವನ್ನು ಸೆಳೆದರೆ ಇಂತಹ ಬ್ಯಾಟರಿಯು ತನ್ನ ಪೂರ್ಣ ಶಕ್ತಿಯನ್ನು ಕೊಡದು.

“ಎಂಜಿನ್ ಶುರು ಮಾಡಲೇ, ಮಾವ?” ಎಂದನು ಅಳಿಯ. ನಿಂತ ವಾಹನದೊಳಗೆ ಮಲಗಿರುವಾಗ ಹೊಗೆಯು ಒಳಹೊಕ್ಕರೆ ಪ್ರಾಣಾಪಾಯವೆಂದು ತಡೆದೆವು. ನಮ್ಮ ಮನೆಯವರು ಮಾತಾಡದೆ ಎದ್ದರು. ಮಾಲೂರಿನಲ್ಲಿ ಕೊಂಡಿದ್ದ ಮಡಕೆಗೆ ಒದ್ದೆಬಟ್ಟೆ ಸುತ್ತಿ, ಸೀಸೆಗಳನ್ನು ಡಬ್ಬಿಯಲ್ಲಿ ಮುಚ್ಚಿ ಅದರೊಳಗಿಟ್ಟು, ಗಾಳಿಗೆ ಇರಿಸಿದರು. ಫ್ರಿಜ್ಜಿನಷ್ಟು ತಂಪಲ್ಲದಿದ್ದರೂ ಬೆಳಗಾಗುವ ತನಕ ಔಷಧವು ಬಿಸಿಯಾಗಲಿಲ್ಲ. ಎಂಜಿನ್ನಿನ ಬ್ಯಾಟರಿ ಪ್ರತ್ಯೇಕವಾಗಿದ್ದುದರಿಂದ ಮುಂಜಾನೆ ವಾಹನವು ಹೊರಟಿತು. ಇಲ್ಲದಿದ್ದರೆ ಅಲ್ಲಿಯೇ ಉಳಿಯುತ್ತಿದ್ದೆವು.

ಮುಳಬಾಗಿಲಿನಲ್ಲಿ ಸಣ್ಣದೊಂದು ಗ್ಯಾಸ್ ಒಲೆಯನ್ನು ಕೊಂಡೆವು. ಶ್ರೀನಿವಾಸಪುರದ ಮಾವಿನ ತೋಪಿನಲ್ಲಿ ತಂಗಿದ ರಾತ್ರಿ ಅದರ ಮೇಲೆಯೇ ಅನ್ನ ಬೆಂದಿತು. ಫ್ರಿಜ್ಜು ಬೆಳಗಿನವರೆಗೂ ಗುಂಯ್‌ಗುಟ್ಟುತ್ತಿತ್ತು. ಮಡಕೆಯನ್ನು ಮಾತ್ರ ನಮ್ಮ ಮನೆಯವರು ವ್ಯಾನಿನಿಂದ ಇಳಿಸಗೊಡಲಿಲ್ಲ.