ಒಂದೇ ತಂತಿ, ಹಲವು ಸಂದೇಶ: ಗ್ರ್ಯಾನ್‌ವಿಲ್ ವುಡ್ಸ್ ಅವರ ಪೇಟೆಂಟುಗಳು ಕಲಿಸುವ ವ್ಯವಹಾರ

ಯಾವುದೇ ಉದ್ಯಮದಲ್ಲಿ ಹೊಸ ಆಸ್ತಿಯನ್ನು ಸೃಷ್ಟಿಸುವುದಕ್ಕೆ ಎರಡು ಮಾರ್ಗಗಳಿವೆ. ಮೊದಲನೆಯದು ಬಂಡವಾಳ ಹೂಡಿ ಹೊಸದನ್ನು ಕಟ್ಟುವುದು. ಎರಡನೆಯದು ಈಗಾಗಲೇ ಇರುವ ಆಸ್ತಿಯಿಂದ ಹೆಚ್ಚಿನ ಕೆಲಸ ಪಡೆಯುವುದು. ವಿದ್ಯುತ್ ತಂತ್ರಜ್ಞಾನದ ಇತಿಹಾಸದಲ್ಲಿ ಎರಡನೆಯ ಮಾರ್ಗಕ್ಕೆ ಅತ್ಯುತ್ತಮ ನಿದರ್ಶನವೆಂದರೆ ಮಲ್ಟಿಪ್ಲೆಕ್ಸ್ ವಿಧಾನ. ಇಂದು ಮಲ್ಟಿಪ್ಲೆಕ್ಸ್ ಎಂದೊಡನೆ ಒಂದೇ ಕಟ್ಟಡದಲ್ಲಿ ಹಲವು ತೆರೆಗಳಿರುವ ಚಿತ್ರಮಂದಿರ ನೆನಪಾಗುತ್ತದೆ. ತಾಂತ್ರಿಕವಾಗಿ ಆ ಪದಕ್ಕೆ ಒಂದೇ ತಂತಿಯ ಮೇಲೆ ಹಲವು ಸಂದೇಶಗಳನ್ನು ಅಥವಾ ನಿಯಂತ್ರಣ ಸೂಚನೆಗಳನ್ನು ಪರಸ್ಪರ ಬೆರೆಯದಂತೆ ಕಳುಹಿಸುವುದು ಎಂಬ ಅರ್ಥವಿದೆ.

ಈ ಕ್ಷೇತ್ರದಲ್ಲಿ ಶ್ರಮಿಸಿದವರಲ್ಲಿ ಅಮೆರಿಕದ ಆಫ್ರಿಕನ್ ಮೂಲದ ವಿದ್ಯುತ್ ಎಂಜಿನಿಯರ್ ಗ್ರ್ಯಾನ್‌ವಿಲ್ ಟಿ. ವುಡ್ಸ್ (1856–1910) ಒಬ್ಬರು. ಸಣ್ಣ ಉತ್ಪಾದಕರು ಅವರ ಜೀವನವನ್ನು ಅರಿಯಬೇಕಾದುದು ಕೇವಲ ವಿಜ್ಞಾನದ ಕುತೂಹಲಕ್ಕಾಗಿ ಅಲ್ಲ. ಆವಿಷ್ಕಾರದ ಹಕ್ಕು ಒಬ್ಬರ ಕೈಯಲ್ಲಿಯೂ ಅದರ ಲಾಭ ಮತ್ತೊಬ್ಬರ ಕೈಯಲ್ಲಿಯೂ ಹೇಗೆ ಉಳಿಯುತ್ತದೆ ಎಂಬುದು ಅವರ ಪೇಟೆಂಟುಗಳ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ತಂತಿಯ ವೆಚ್ಚ ಮತ್ತು ಉಳಿತಾಯ

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಟೆಲಿಗ್ರಾಫ್ ಕಂಪನಿಗಳ ಬಹುಪಾಲು ಬಂಡವಾಳ ತಂತಿ ಮತ್ತು ಕಂಬಗಳಲ್ಲಿ ತೊಡಗಿತ್ತು. ಒಂದು ತಂತಿಯ ಮೇಲೆ ಒಂದು ವೇಳೆಗೆ ಒಂದೇ ಸಂದೇಶ ಹೋಗುತ್ತಿದ್ದುದರಿಂದ, ದಟ್ಟಣೆ ಹೆಚ್ಚಿದಂತೆಲ್ಲ ಹೊಸ ತಂತಿ ಎಳೆಯಬೇಕಾಗುತ್ತಿತ್ತು. 1872ರಲ್ಲಿ ಜೋಸೆಫ್ ಸ್ಟರ್ನ್ಸ್ ಅವರ ಡ್ಯೂಪ್ಲೆಕ್ಸ್ ವಿಧಾನದಿಂದ ಎರಡು ದಿಕ್ಕಿನಿಂದಲೂ ಏಕಕಾಲದಲ್ಲಿ ಸಂದೇಶ ಕಳುಹಿಸುವುದು ಸಾಧ್ಯವಾಯಿತು. 1874ರಲ್ಲಿ ಥಾಮಸ್ ಎಡಿಸನ್ ಅವರು ಕ್ವಾಡ್ರುಪ್ಲೆಕ್ಸ್ ವಿಧಾನವನ್ನು ರೂಪಿಸಿ, ಪ್ರತಿ ದಿಕ್ಕಿಗೆ ಎರಡರಂತೆ ನಾಲ್ಕು ಸಂದೇಶಗಳನ್ನು ಒಂದೇ ತಂತಿಯಲ್ಲಿ ಸಾಗಿಸಿದರು. ಅದೇ ವರ್ಷ ಫ್ರಾನ್ಸಿನ ಎಮಿಲ್ ಬೋಡೊ ಅವರು ಕಾಲವನ್ನು ಸೂಕ್ಷ್ಮ ಭಾಗಗಳಾಗಿ ಹಂಚಿ, ಹಲವು ಕೆಲಸಗಾರರಿಗೆ ಸರದಿಯಂತೆ ಒಂದೇ ತಂತಿಯನ್ನು ಒದಗಿಸುವ ಪದ್ಧತಿಗೆ ಪೇಟೆಂಟ್ ಪಡೆದರು.

ಇಲ್ಲಿ ಗಮನಿಸಬೇಕಾದ ಆರ್ಥಿಕ ಅಂಶವೊಂದಿದೆ. ಮಲ್ಟಿಪ್ಲೆಕ್ಸ್ ಆವಿಷ್ಕಾರದಿಂದ ಆಗುವ ಉಳಿತಾಯವು ಮೊದಲು ಸೇರುವುದು ತಂತಿಯ ಮಾಲೀಕನಿಗೆ. ಸ್ವಂತ ತಂತಿಜಾಲವಿಲ್ಲದ ಸಂಶೋಧಕನು ತನ್ನ ಹಕ್ಕನ್ನು ಮಾಲೀಕನಿಗೆ ಮಾರಿದಾಗ ಅಥವಾ ಬಾಡಿಗೆಗೆ ಕೊಟ್ಟಾಗ ಮಾತ್ರ ಹಣ ಕಾಣಬಲ್ಲನು. ಕೊಳ್ಳುವವರು ಒಬ್ಬರೋ ಇಬ್ಬರೋ ಇದ್ದಾಗ ಬೆಲೆಯನ್ನು ನಿಶ್ಚಯಿಸುವವರೂ ಅವರೇ ಆಗುತ್ತಾರೆ. ಎಡಿಸನ್ ಅವರ ಕ್ವಾಡ್ರುಪ್ಲೆಕ್ಸ್ ಹಕ್ಕಿಗಾಗಿ ವೆಸ್ಟರ್ನ್ ಯೂನಿಯನ್ ಕಂಪನಿಯ ಪ್ರತಿಸ್ಪರ್ಧಿಯಾಗಿದ್ದ ಜೇ ಗೌಲ್ಡ್ 30,000 ಡಾಲರ್ ತೆತ್ತರು. ಆ ಬೆಲೆ ದೊರೆತುದಕ್ಕೆ ಮುಖ್ಯ ಕಾರಣ ಇಬ್ಬರು ಪ್ರಬಲ ಗ್ರಾಹಕರ ನಡುವಣ ಪೈಪೋಟಿ.

ವುಡ್ಸ್ ಅವರ ಆರಂಭ

ವುಡ್ಸ್ ಅವರು ಒಹಾಯೊ ರಾಜ್ಯದ ಕೊಲಂಬಸ್ ನಗರದಲ್ಲಿ ಜನಿಸಿದರೆಂದು ಸಾಮಾನ್ಯವಾಗಿ ದಾಖಲಾಗಿದೆ. ಸುಮಾರು ಹತ್ತನೆಯ ವಯಸ್ಸಿಗೆ ಶಾಲೆ ಬಿಟ್ಟು ಯಂತ್ರಾಗಾರದಲ್ಲಿ ಕೆಲಸ ಕಲಿತರು. ಮುಂದೆ ರೈಲ್ವೆಯಲ್ಲಿಯೂ ಹಡಗಿನಲ್ಲಿಯೂ ದುಡಿದು, 1880ರ ಸುಮಾರಿಗೆ ಸಿನ್ಸಿನಾಟಿ ನಗರದಲ್ಲಿ ನೆಲೆಸಿದರು. ಅಲ್ಲಿ ಸೋದರ ಲಯೇಟ್ಸ್ ಅವರೊಡಗೂಡಿ ಸ್ವಂತ ಉದ್ಯಮವನ್ನು ಸ್ಥಾಪಿಸಿದರು. ವರ್ಣಭೇದವು ತೀವ್ರವಾಗಿದ್ದ ಆ ಕಾಲದಲ್ಲಿ ಕಪ್ಪು ಜನಾಂಗದ ಸಂಶೋಧಕನಿಗೆ ಬಂಡವಾಳ ಒದಗಿಸುವವರು ವಿರಳರಾಗಿದ್ದರು ಎಂಬುದನ್ನು ಮುಂದಿನ ಘಟನೆಗಳನ್ನು ಓದುವಾಗ ಮರೆಯುವಂತಿಲ್ಲ.

1884ರಲ್ಲಿ ಅವರಿಗೆ ಉಗಿ ಬಾಯ್ಲರಿನ ಕುಲುಮೆಗೂ ಟೆಲಿಫೋನ್ ಪ್ರೇಷಕಕ್ಕೂ ಪೇಟೆಂಟುಗಳು ದೊರೆತವು. 1885ರ ಏಪ್ರಿಲ್ 7ರಂದು ದೊರೆತ ಪೇಟೆಂಟ್ ಹೆಚ್ಚು ಮಹತ್ವದ್ದು. ‘ಟೆಲಿಗ್ರಾಫೋನಿ’ ಎಂದು ಹೆಸರಾದ ಈ ಉಪಕರಣದಲ್ಲಿ ಒಂದೇ ತಂತಿಯ ಮೇಲೆ ಮೋರ್ಸ್ ಸಂಕೇತವನ್ನೂ ಮಾತನ್ನೂ ಕಳುಹಿಸಬಹುದಾಗಿತ್ತು. ಸಂಕೇತಗಳಲ್ಲಿ ಪಳಗದ ನೌಕರನು ಬಾಯಿಂದಲೇ ಸಂದೇಶ ಹೇಳಲು ಸಾಧ್ಯವಾದುದರಿಂದ, ಸಣ್ಣ ನಿಲ್ದಾಣಗಳಿಗೆ ಇದು ಉಪಯುಕ್ತವಾಗಿತ್ತು.

ಈ ಹಕ್ಕನ್ನು ಅಮೆರಿಕನ್ ಬೆಲ್ ಟೆಲಿಫೋನ್ ಕಂಪನಿ ಖರೀದಿಸಿತು. ಟೆಲಿಫೋನಿನ ಮೂಲ ಪೇಟೆಂಟುಗಳು ಆಗ ಬೆಲ್ ಸಂಸ್ಥೆಯ ಒಡೆತನದಲ್ಲಿದ್ದುದರಿಂದ, ಮಾತನ್ನು ಸಾಗಿಸುವ ಯಾವುದೇ ಹೊಸ ಉಪಕರಣಕ್ಕೆ ಬೇರೆ ಸಮರ್ಥ ಗ್ರಾಹಕರು ಸಿಗುವುದು ದುಸ್ತರವಾಗಿತ್ತು. ಎಡಿಸನ್ ಅವರಿಗೆ ಒದಗಿದ್ದ ಪೈಪೋಟಿಯ ಅನುಕೂಲ ವುಡ್ಸ್ ಅವರಿಗೆ ಒದಗಲಿಲ್ಲ.

ಚಲಿಸುವ ರೈಲಿನೊಡನೆ ಸಂಪರ್ಕ

ವುಡ್ಸ್ ಅವರ ಅತ್ಯಂತ ಪ್ರಸಿದ್ಧ ಆವಿಷ್ಕಾರವು 1887ರ ನವೆಂಬರ್ 29ರಂದು 373,915ನೆಯ ಸಂಖ್ಯೆಯ ಪೇಟೆಂಟ್ ಪಡೆದ ಪ್ರೇರಣಾ ಟೆಲಿಗ್ರಾಫ್ ವ್ಯವಸ್ಥೆ. ಇದು ಮಲ್ಟಿಪ್ಲೆಕ್ಸ್ ರೈಲ್ವೆ ಟೆಲಿಗ್ರಾಫ್ ಎಂಬ ಹೆಸರಿನಿಂದಲೂ ಪರಿಚಿತವಾಗಿದೆ. ಆ ಕಾಲದಲ್ಲಿ ರೈಲು ನಿಲ್ದಾಣ ಬಿಟ್ಟು ಹೊರಟ ಮೇಲೆ ಮುಂದಿನ ನಿಲ್ದಾಣ ತಲುಪುವವರೆಗೆ ಅದಕ್ಕೆ ಯಾವ ಸೂಚನೆಯನ್ನೂ ಕೊಡಲು ಸಾಧ್ಯವಿರಲಿಲ್ಲ. ಎದುರಿನಿಂದ ಮತ್ತೊಂದು ರೈಲು ಬರುತ್ತಿದ್ದರೂ, ಮುಂದೆ ಸೇತುವೆ ಕುಸಿದಿದ್ದರೂ ಚಾಲಕನಿಗೆ ತಿಳಿಯುತ್ತಿರಲಿಲ್ಲ.

ವುಡ್ಸ್ ಅವರ ವ್ಯವಸ್ಥೆಯ ತತ್ತ್ವ ಸರಳವಾದುದು. ರೈಲಿನ ಗಾಡಿಯ ಕೆಳಗೆ ತಂತಿಯ ಸುರುಳಿಯನ್ನು ಅಳವಡಿಸಿ, ಹಳಿಯುದ್ದಕ್ಕೂ ಒಂದು ತಂತಿಯನ್ನು ಹಾಯಿಸಲಾಗುತ್ತದೆ. ಸುರುಳಿಯಲ್ಲಿ ಏರಿಳಿಯುವ ವಿದ್ಯುತ್ತನ್ನು ಹರಿಸಿದಾಗ ಉಂಟಾಗುವ ಕಾಂತಕ್ಷೇತ್ರವು ನಡುವಣ ಗಾಳಿಯನ್ನು ದಾಟಿ, ಹಳಿಯ ಬಳಿಯ ತಂತಿಯಲ್ಲಿ ಅಂತಹುದೇ ವಿದ್ಯುತ್ತನ್ನು ಪ್ರೇರೇಪಿಸುತ್ತದೆ. ಹೀಗೆ ರೈಲಿಗೂ ತಂತಿಗೂ ನೇರ ಸ್ಪರ್ಶವಿಲ್ಲದೆಯೇ ಸಂದೇಶವು ಎರಡೂ ಕಡೆಗೆ ಸಾಗುತ್ತದೆ. ಈ ಬಗೆಯ ವ್ಯವಸ್ಥೆಗಳಲ್ಲಿ ಶೀಘ್ರವಾಗಿ ಕಂಪಿಸುವ ವಿದ್ಯುತ್ತನ್ನು ಬಳಸಿದರೆ, ನಿಧಾನಗತಿಯ ಸಾಮಾನ್ಯ ಮೋರ್ಸ್ ಉಪಕರಣಗಳು ಅದಕ್ಕೆ ಸ್ಪಂದಿಸುವುದಿಲ್ಲ. ಆದ್ದರಿಂದ ಒಂದು ತಂತಿಗೆ ಎರಡು ಕೆಲಸಗಳನ್ನು ಒಪ್ಪಿಸಲು ಅವಕಾಶವಾಗುತ್ತದೆ.

ಹಕ್ಕಿಗಾಗಿ ನಡೆದ ವ್ಯಾಜ್ಯ

ಇದೇ ಸಮಸ್ಯೆಗೆ ಲೂಷಿಯಸ್ ಫೆಲ್ಪ್ಸ್ ಎಂಬುವರೂ ಪರಿಹಾರ ರೂಪಿಸಿ, ವುಡ್ಸ್ ಅವರಿಗಿಂತ ಮೊದಲೇ ಅರ್ಜಿ ಸಲ್ಲಿಸಿದ್ದರು. ಅಂದಿನ ಅಮೆರಿಕದ ಕಾನೂನಿನಂತೆ ಮೊದಲು ಅರ್ಜಿ ಕೊಟ್ಟವನಿಗಿಂತ ಮೊದಲು ಆವಿಷ್ಕರಿಸಿದವನಿಗೆ ಹಕ್ಕು ಸಲ್ಲುತ್ತಿತ್ತು. ಪೇಟೆಂಟ್ ಕಚೇರಿಯ ವಿಚಾರಣೆಯಲ್ಲಿ ವುಡ್ಸ್ ಅವರು ತಮ್ಮ ಹಳೆಯ ಟಿಪ್ಪಣಿಗಳನ್ನೂ ನಕ್ಷೆಗಳನ್ನೂ ಮಾದರಿಯನ್ನೂ ಹಾಜರುಪಡಿಸಿ, ಕಲ್ಪನೆ ತಮಗೇ ಮೊದಲು ಹೊಳೆದಿತ್ತೆಂದು ಸಾಬೀತುಪಡಿಸಿದರು. 1887ರಲ್ಲಿ ತೀರ್ಪು ಅವರ ಪರವಾಗಿ ಬಂದಿತು. ದಾಖಲೆಗಳನ್ನು ಜೋಪಾನವಾಗಿ ಇಟ್ಟುಕೊಂಡಿದ್ದುದೇ ಅವರನ್ನು ಕಾಪಾಡಿತೆನ್ನಬೇಕು.

ಆದರೆ ವ್ಯಾಜ್ಯದ ಗೆಲುವು ವ್ಯಾಪಾರದ ಗೆಲುವಾಗಲಿಲ್ಲ. ಫೆಲ್ಪ್ಸ್ ಹಾಗೂ ಎಡಿಸನ್ ಅವರ ಹಕ್ಕುಗಳನ್ನು ಒಗ್ಗೂಡಿಸಿದ ಕಂಪನಿಯೊಂದು 1887ರಲ್ಲಿ ಲೀಹೈ ವ್ಯಾಲಿ ರೈಲುಮಾರ್ಗದಲ್ಲಿ ತನ್ನ ವ್ಯವಸ್ಥೆಯನ್ನು ಅಳವಡಿಸಿ ಪ್ರದರ್ಶಿಸಿತು. ಅದು ತಾಂತ್ರಿಕವಾಗಿ ಸಮರ್ಪಕವಾಗಿಯೇ ಕೆಲಸ ಮಾಡಿತು. ಆದರೂ ರೈಲ್ವೆ ಕಂಪನಿಗಳು ಇಂತಹ ವ್ಯವಸ್ಥೆಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳಲು ಮುಂದಾಗಲಿಲ್ಲ. ಅಂದಿನ ನಿಯಮದಂತೆ ಮಂಜೂರಾತಿಯಿಂದ 17 ವರ್ಷಗಳ ಅವಧಿಯುಳ್ಳ ಪೇಟೆಂಟ್, ಗ್ರಾಹಕರು ಬಂದರೂ ಬರದಿದ್ದರೂ ದಿನದಿನವೂ ಸವೆಯುತ್ತಲೇ ಇರುತ್ತದೆ. ಬಳಕೆಯಾಗದ ಯಂತ್ರದ ಮೇಲೆ ಸವಕಳಿ ಬೀಳುವಂತೆಯೇ ಇದು.

ನಿಯಂತ್ರಣ ವ್ಯವಸ್ಥೆಗಳು

1890ರ ದಶಕದಲ್ಲಿ ನ್ಯೂಯಾರ್ಕ್ ಪ್ರದೇಶದಲ್ಲಿ ನೆಲೆಸಿದ ವುಡ್ಸ್ ಅವರ ಗಮನವು ಸಂದೇಶದಿಂದ ನಿಯಂತ್ರಣದತ್ತ ಹೊರಳಿತು. ವಿದ್ಯುತ್ ರೈಲಿಗೆ ನೆಲಮಟ್ಟದಿಂದ ಶಕ್ತಿ ಒದಗಿಸಿದರೆ, ತೆರೆದ ವಾಹಕವನ್ನು ಮುಟ್ಟಿದವರಿಗೆ ಪ್ರಾಣಾಪಾಯವಿರುತ್ತದೆ. ವಾಹಕವನ್ನು ಸಣ್ಣ ತುಂಡುಗಳಾಗಿ ವಿಂಗಡಿಸಿ, ರೈಲು ಮೇಲೆ ಬಂದಾಗ ಮಾತ್ರ ಆ ತುಂಡಿಗೆ ವಿದ್ಯುತ್ ಹರಿಯುವಂತೆ ವಿದ್ಯುತ್ಕಾಂತೀಯ ಸ್ವಿಚ್ಚುಗಳನ್ನು ಅಳವಡಿಸುವುದು ಅವರು ಶ್ರಮಿಸಿದ ಪರಿಹಾರಗಳಲ್ಲಿ ಒಂದು. ‘ಮೂರನೆಯ ಹಳಿ’ಯನ್ನೇ ವುಡ್ಸ್ ಕಂಡುಹಿಡಿದರೆಂಬ ಜನಪ್ರಿಯ ಹೇಳಿಕೆ ನಿಖರವಲ್ಲ, ಆ ಕಲ್ಪನೆ ಅವರಿಗಿಂತ ಹಿಂದಿನದು. ಅದರ ಸುರಕ್ಷಿತ ನಿಯಂತ್ರಣಕ್ಕೆ ಸಂಬಂಧಿಸಿದ ಸುಧಾರಣೆಗಳು ಅವರ ಕೊಡುಗೆ. ಮೋಟರುಗಳ ವೇಗವನ್ನು ಶಕ್ತಿಯ ಅಪವ್ಯಯವಿಲ್ಲದೆ ನಿಯಂತ್ರಿಸುವ ವಿಧಾನಗಳಿಗೂ, ರೈಲಿನ ಬ್ರೇಕ್ ಉಪಕರಣಗಳಿಗೂ ಅವರು ಪೇಟೆಂಟ್ ಪಡೆದರು.

ಈ ಅವಧಿಯಲ್ಲಿಯೇ ಅವರ ವ್ಯವಹಾರದ ಕಹಿ ಅಧ್ಯಾಯವೂ ಸೇರಿದೆ. ವಿದ್ಯುತ್ ರೈಲಿನ ಪ್ರಯೋಗಕ್ಕೆ ಹಣ ಹೂಡಿದ ಕಂಪನಿಯೊಂದಕ್ಕೂ ಅವರಿಗೂ ಹಕ್ಕಿನ ಒಡೆತನದ ಬಗ್ಗೆ ವಿವಾದ ಉಂಟಾಯಿತು. ಆ ಹಕ್ಕು ಕಂಪನಿಯದಲ್ಲವೆಂದು ವುಡ್ಸ್ ಅವರು ಪ್ರಕಟಣೆಯ ಮೂಲಕ ಎಚ್ಚರಿಸಿದಾಗ, 1892ರಲ್ಲಿ ಮಾನಹಾನಿಯ ಆರೋಪದ ಮೇಲೆ ಬಂಧನಕ್ಕೆ ಒಳಗಾಗಬೇಕಾಯಿತು. ಮುಂದೆಯೂ ಅವರ ಸಂಪಾದನೆಯಲ್ಲಿ ಗಣನೀಯ ಭಾಗ ವ್ಯಾಜ್ಯಗಳಿಗೇ ವ್ಯಯವಾಯಿತು. ಹಲವು ಹಕ್ಕುಗಳು ದೊಡ್ಡ ವಿದ್ಯುತ್ ಕಂಪನಿಗಳ ಪಾಲಾದವು. 1910ರ ಜನವರಿ 30ರಂದು ನ್ಯೂಯಾರ್ಕಿನಲ್ಲಿ ನಿಧನರಾದಾಗ ಅವರ ಬಳಿ ಸಂಪತ್ತು ಉಳಿದಿರಲಿಲ್ಲ. ಗುರುತಿನ ಕಲ್ಲೂ ಇಲ್ಲದ ಸಮಾಧಿಯಲ್ಲಿ ಅವರನ್ನು ಹೂಳಲಾಯಿತು. 1975ರಲ್ಲಿ, ಅವರ ಆವಿಷ್ಕಾರಗಳನ್ನು ಬಳಸಿದ್ದ ಕಂಪನಿಗಳಿಂದಲೂ ದೇಣಿಗೆ ಪಡೆದು, ಅಲ್ಲಿ ಕಲ್ಲನ್ನು ಸ್ಥಾಪಿಸಲಾಯಿತು.

ಮಾರಾಟ, ಪರವಾನಗಿ, ಮುಕ್ತ ಬಳಕೆ

ಆವಿಷ್ಕಾರದಿಂದ ಆದಾಯ ಪಡೆಯಲು ಪೂರ್ಣ ಮಾರಾಟವೊಂದೇ ದಾರಿಯಲ್ಲ. ಒಂದೇ ತಂತಿಯ ಮೇಲೆ ಹಲವು ಸೂಚನೆಗಳನ್ನು ಕಳುಹಿಸುವ ಅದೇ ತತ್ತ್ವವು ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಯಂತ್ರಗಳ ಒಳಕ್ಕೇ ಬಂದಿತು. ಜರ್ಮನಿಯ ಬಾಷ್ ಸಂಸ್ಥೆ 1986ರಲ್ಲಿ ‘ಕ್ಯಾನ್’ ಎಂಬ ಪದ್ಧತಿಯನ್ನು ಪ್ರಕಟಿಸಿತು. ಕಾರಿನ ಎಂಜಿನ್, ಬ್ರೇಕ್ ಮುಂತಾದ ನಿಯಂತ್ರಕಗಳಿಗೆ ಬೇರೆ ಬೇರೆ ತಂತಿಗಳನ್ನು ಎಳೆಯುವ ಬದಲು ಎರಡು ತಂತಿಗಳ ಮೇಲೆಯೇ ಎಲ್ಲವೂ ಸಂಭಾಷಿಸುವಂತೆ ಇದರಲ್ಲಿ ಏರ್ಪಾಡಾಗಿದೆ. ಎರಡು ನಿಯಂತ್ರಕಗಳು ಏಕಕಾಲಕ್ಕೆ ಸಂದೇಶ ಕಳುಹಿಸತೊಡಗಿದರೆ, ಹೆಚ್ಚು ಆದ್ಯತೆಯ ಸಂದೇಶ ಕೆಡದೆ ಮುಂದುವರಿಯುತ್ತದೆ. ಮತ್ತೊಂದು ಕಾದು ನಿಲ್ಲುತ್ತದೆ. ಬಾಷ್ ಈ ಹಕ್ಕನ್ನು ಮಾರಲಿಲ್ಲ. ಚಿಪ್ ತಯಾರಕರಿಗೆ ಪರವಾನಗಿಯ ಮೇಲೆ ಕೊಟ್ಟಿತು. ತಯಾರಕರು ಹಲವರಾದಂತೆ ಬಳಕೆ ವಿಸ್ತರಿಸಿತು, ಒಡೆತನವೂ ಉಳಿಯಿತು.

ಅಮೆರಿಕದ ಮೋಡಿಕಾನ್ ಸಂಸ್ಥೆ 1979ರಲ್ಲಿ ಮೂರನೆಯ ದಾರಿ ಹಿಡಿಯಿತು. ಕಾರ್ಖಾನೆಯ ನಿಯಂತ್ರಕಗಳಿಗಾಗಿ ರೂಪಿಸಿದ ‘ಮೋಡ್‌ಬಸ್’ ನಿಯಮಾವಳಿಯನ್ನು ಅದು ಮುಕ್ತವಾಗಿ ಪ್ರಕಟಿಸಿತು. ಅನ್ಯ ತಯಾರಕರೂ ಅದನ್ನು ಅಳವಡಿಸಿಕೊಂಡುದರಿಂದ ಮೋಡಿಕಾನ್ ನಿಯಂತ್ರಕಗಳೊಡನೆ ಹೊಂದುವ ಸಲಕರಣೆಗಳು ಹೆಚ್ಚಿದವು. ಇಂದಿಗೂ ವಿದ್ಯುತ್ ಮೀಟರು, ತಾಪಮಾನ ನಿಯಂತ್ರಕ, ಮೋಟರ್ ಡ್ರೈವ್ ಮೊದಲಾದವುಗಳಲ್ಲಿ ಇದು ಬಳಕೆಯಲ್ಲಿದೆ. ಕಂಪನಿಯ ಆದಾಯದ ಮೂಲ ನಿಯಮಾವಳಿಯಾಗಿರದೆ ಯಂತ್ರದ ಮಾರಾಟವಾಗಿದ್ದುದರಿಂದ ಈ ಔದಾರ್ಯ ಲಾಭದಾಯಕವಾಯಿತು.

ನಮ್ಮ ಉದ್ಯಮಿಗಳು ಗಮನಿಸಬೇಕಾದ ಅಂಶಗಳು

ಮೊದಲನೆಯದಾಗಿ, ಅರ್ಜಿಯ ದಿನಾಂಕ. ವುಡ್ಸ್ ಅವರಿಗೆ ಒದಗಿದ ‘ಮೊದಲ ಆವಿಷ್ಕಾರಕ’ನ ರಕ್ಷಣೆ ಇಂದು ದೊರೆಯದು. ಅಮೆರಿಕವೂ 2013ರ ಮಾರ್ಚ್ 16ರಿಂದ ಮೊದಲು ಅರ್ಜಿ ಸಲ್ಲಿಸಿದ ಆವಿಷ್ಕಾರಕನಿಗೆ ಆದ್ಯತೆ ನೀಡುವ ಪದ್ಧತಿಗೆ ಬದಲಾಯಿತು. ಭಾರತದಲ್ಲಿಯೂ ಅರ್ಜಿಯ ದಿನಾಂಕವೇ ನಿರ್ಣಾಯಕ. ಪ್ರಯೋಗ ಪೂರ್ಣಗೊಂಡಿರದಿದ್ದರೆ ತಾತ್ಕಾಲಿಕ ವಿವರಣೆಯೊಂದಿಗೆ ಅರ್ಜಿ ಸಲ್ಲಿಸಿ, 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಲು ಪೇಟೆಂಟ್ ಕಾಯಿದೆ, 1970 ಅವಕಾಶ ನೀಡಿದೆ. ಹೊಸ ಯಂತ್ರವನ್ನು ಗ್ರಾಹಕರಿಗೆ ತೋರಿಸುವ ಮೊದಲೇ ಇದನ್ನು ಮಾಡುವುದು ಕ್ಷೇಮ.

ಎರಡನೆಯದಾಗಿ, ಒಡೆತನದ ಬರವಣಿಗೆ. ಹಣ ಹೂಡಿದವರಿಗೆ ಹಕ್ಕು ಸೇರುತ್ತದೆಯೇ, ಕೇವಲ ಬಳಕೆಯ ಪರವಾನಗಿ ಸೇರುತ್ತದೆಯೇ ಎಂಬುದು ಹಣ ಪಡೆಯುವ ಮುನ್ನವೇ ಲಿಖಿತವಾಗಿ ನಿಶ್ಚಯವಾಗಬೇಕು. ನಮ್ಮ ಕಾಯಿದೆಯಲ್ಲಿ ಪೇಟೆಂಟಿನ ಹಸ್ತಾಂತರ ಅಥವಾ ಪರವಾನಗಿ ಲಿಖಿತ ರೂಪದಲ್ಲಿ ಇರದಿದ್ದರೆ ಊರ್ಜಿತವಾಗುವುದಿಲ್ಲ. ಹಕ್ಕು ಪಡೆದವರು ಅದನ್ನು ಪೇಟೆಂಟ್ ದಫ್ತರದಲ್ಲಿ ನೋಂದಾಯಿಸಲು ಅರ್ಜಿ ಸಲ್ಲಿಸಬೇಕು.

ಮೂರನೆಯದಾಗಿ, ಲೆಕ್ಕಾಚಾರ. ಭಾರತದಲ್ಲಿ ಪೇಟೆಂಟಿನ ಅವಧಿ ಅರ್ಜಿಯ ದಿನಾಂಕದಿಂದ 20 ವರ್ಷ. ನವೀಕರಣ ಶುಲ್ಕ ಪಾವತಿಸದಿದ್ದರೆ ಅದಕ್ಕೆ ಮೊದಲೇ ಹಕ್ಕು ರದ್ದಾಗುತ್ತದೆ. ಲೆಕ್ಕಪತ್ರ ಮಾನಕ 26ರಂತೆ ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷದ ಖರ್ಚಾಗಿಯೇ ತೋರಿಸಬೇಕು. ಅಭಿವೃದ್ಧಿ ಹಂತದ ವೆಚ್ಚವನ್ನು ನಿರ್ದಿಷ್ಟ ಷರತ್ತುಗಳು ಪೂರೈಸಿದಾಗ ಮಾತ್ರ ಆಸ್ತಿಯಾಗಿ ತೋರಿಸಬಹುದು. ಆದ್ದರಿಂದ ಆಸ್ತಿಪಟ್ಟಿಯಲ್ಲಿ ಕಾಣುವ ಮೊತ್ತಕ್ಕೂ ಪೇಟೆಂಟಿನ ಮಾರುಕಟ್ಟೆ ಮೌಲ್ಯಕ್ಕೂ ಬಹಳ ಅಂತರವಿರಬಹುದು. ಮಾರುವ ಮುನ್ನ ಕೊಳ್ಳುವವನಿಗೆ ಆ ಹಕ್ಕಿನಿಂದ ವರ್ಷಕ್ಕೆ ಎಷ್ಟು ಉಳಿತಾಯವಾಗುತ್ತದೆ, ಉಳಿದ ಅವಧಿ ಎಷ್ಟು ಎಂದು ಲೆಕ್ಕ ಹಾಕಿ, ಒಂದೇ ಕಂತಿನ ಬೆಲೆಯನ್ನೂ ವರ್ಷವರ್ಷದ ರಾಯಲ್ಟಿಯನ್ನೂ ಹೋಲಿಸಿ ನೋಡಬೇಕು.

ಕೊನೆಯದಾಗಿ, ಗ್ರಾಹಕರ ಸಂಖ್ಯೆ. ಒಬ್ಬನೇ ದೊಡ್ಡ ಗ್ರಾಹಕನಿಗೆ ಮಾತ್ರ ಉಪಯುಕ್ತವಾದ ಸುಧಾರಣೆಯನ್ನು ರೂಪಿಸುವ ಬಿಡಿಭಾಗ ತಯಾರಕರು ವುಡ್ಸ್ ಅವರ ಸ್ಥಾನದಲ್ಲಿಯೇ ಇರುತ್ತಾರೆ. ಅದೇ ಸುಧಾರಣೆಯನ್ನು ಮತ್ತೊಂದು ಉದ್ಯಮಕ್ಕೂ ಒಗ್ಗಿಸಲು ಸಾಧ್ಯವೇ ಎಂದು ವಿನ್ಯಾಸದ ಹಂತದಲ್ಲಿಯೇ ಯೋಚಿಸುವುದು ಒಳಿತು. ಎರಡನೆಯ ಗ್ರಾಹಕನು ಕೊನೆಗೆ ಕೊಳ್ಳದಿದ್ದರೂ, ಅವನ ಇರುವಿಕೆಯಿಂದಲೇ ಮೊದಲ ಗ್ರಾಹಕನು ನ್ಯಾಯವಾದ ಬೆಲೆಗೆ ಒಪ್ಪುವ ಸಂಭವ ಹೆಚ್ಚು.