ಪಾನನಿಷೇಧದ ನಾಡಿನಲ್ಲಿ ಪಾನಮುಕ್ತರ ಕೂಟ

ಆಲ್ಕೊಹಾಲಿಕ್ಸ್ ಅನಾನಿಮಸ್, ಬಳಕೆಯ ಮಾತಿನಲ್ಲಿ ‘ಎಎ’, ಕುಡಿತ ಬಿಟ್ಟವರು ಮತ್ತೆ ಅದರತ್ತ ಹೊರಳದಂತೆ ಒಬ್ಬರಿಗೊಬ್ಬರು ಆಸರೆಯಾಗುವ ಕೂಟ. ಇಲ್ಲಿ ಶುಲ್ಕವಿಲ್ಲ, ಹಾಜರಿ ಪುಸ್ತಕವಿಲ್ಲ, ಗುರುಪೀಠವಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಸದಸ್ಯತ್ವಕ್ಕೆ ಅರ್ಹತೆ. ಗುಜರಾತಿನ ಅಹಮದಾಬಾದ್, ವಡೋದರಾ, ಸೂರತ್ ನಗರಗಳಲ್ಲೂ ಇದರ ಸಭೆಗಳು ನಡೆಯುತ್ತವೆ. ಮದ್ಯವೇ ನಿಷಿದ್ಧವಾದ ರಾಜ್ಯದಲ್ಲಿ ಇಂಥ ಸಭೆ ಯಾಕೆ ಬೇಕು ಎಂದು ಹೊರಗಿನವರಿಗೆ ಅನ್ನಿಸುವುದು ಸಹಜ.

ಗುಜರಾತಿನ ‘ನಶಾಬಂಧಿ’ಗೆ ಮೂಲ 1949ರ ಮುಂಬೈ ಪಾನನಿಷೇಧ ಕಾಯ್ದೆ. 1960ರಲ್ಲಿ ಪ್ರತ್ಯೇಕ ರಾಜ್ಯವಾದಾಗ ಗುಜರಾತ್ ಅದನ್ನು ಹಾಗೆಯೇ ಉಳಿಸಿಕೊಂಡಿತು. ಪರ್ಮಿಟ್ ಇಲ್ಲದೆ ಕುಡಿಯುವುದೂ ಅಲ್ಲಿ ಅಪರಾಧ. ಆದರೂ ಸೂರತ್ತಿನಿಂದ ದಕ್ಷಿಣಕ್ಕೆ ಹೋದರೆ, ವಾಪಿಯ ಪಕ್ಕದಲ್ಲೇ ಕೇಂದ್ರಾಡಳಿತದ ದಮನ್. ಅಲ್ಲಿ ಮದ್ಯ ಮುಕ್ತವಾಗಿ ಸಿಗುತ್ತದೆ. ಪೂರ್ವದ ಆದಿವಾಸಿ ಸೀಮೆಯಲ್ಲಿ ಹಿಪ್ಪೆ ಹೂವಿನ ಸಾರಾಯಿ ಹಳೆಯ ವಾಡಿಕೆ. ನಗರಗಳ ಬಡವರ ಕೈಗೆ ಸಿಗುವುದು ಕಳ್ಳಭಟ್ಟಿ. 2009ರ ಜುಲೈಯಲ್ಲಿ ಅಹಮದಾಬಾದಿನಲ್ಲಿ ಮೆಥನಾಲ್ ಬೆರೆತ ಸಾರಾಯಿ ನೂರಕ್ಕೂ ಹೆಚ್ಚು ಜನರನ್ನು ಕೊಂದಿತು. 2022ರ ಜುಲೈಯಲ್ಲಿ ಬೋಟಾದ್ ಸುತ್ತಮುತ್ತ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಕಾನೂನು ಅಂಗಡಿಯ ಬಾಗಿಲು ಹಾಕಬಲ್ಲದು. ವ್ಯಸನಿಯ ದೇಹದಲ್ಲಿ ಏಳುವ ಹಪಾಹಪಿಗೆ ಬೇರೆಯದೇ ಮದ್ದು ಬೇಕು.

ಈ ಮದ್ದಿನ ಮೊದಲ ಸುಳಿವು ಸಿಕ್ಕಿದ್ದು ಅಮೆರಿಕದ ಓಹಾಯೊ ರಾಜ್ಯದ ಆ್ಯಕ್ರನ್ ಊರಿನಲ್ಲಿ, 1935ರ ಮೇ ತಿಂಗಳಲ್ಲಿ. ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಹಿಡಿದ ಕೆಲಸ ಕೈಕೊಟ್ಟು, ಒಂಟಿಯಾಗಿ ಹೋಟೆಲಿನ ಹಜಾರದಲ್ಲಿ ನಿಂತಿದ್ದಾಗ ಬಾರಿನ ಗದ್ದಲ ಅವರನ್ನು ಸೆಳೆಯಿತು. ಅವರು ಬಾರಿಗೆ ಹೋಗಲಿಲ್ಲ. ಫೋನಿನ ಬಳಿ ಹೋಗಿ ಊರಿನ ಪಾದ್ರಿಗಳಿಗೆ ಕರೆ ಮಾಡಿ, ಮಾತಾಡಲು ಇನ್ನೊಬ್ಬ ಕುಡುಕ ಬೇಕೆಂದು ಕೇಳಿದರು. ಹಾಗೆ ಸಿಕ್ಕವರು ಶಸ್ತ್ರವೈದ್ಯ ಡಾ. ಬಾಬ್ ಸ್ಮಿತ್. ಬಾಬ್ ಕೊನೆಯ ಸಲ ಕುಡಿದದ್ದು ಜೂನ್ 10ರಂದು ಎಂದು ನಂಬಿ, ಎಎ ಆ ದಿನವನ್ನೇ ತನ್ನ ಹುಟ್ಟುಹಬ್ಬವಾಗಿ ಆಚರಿಸುತ್ತದೆ. ಇಡೀ ಕೂಟದ ತಿರುಳು ಆ ಫೋನ್ ಕರೆಯಲ್ಲೇ ಇದೆ: ಇನ್ನೊಬ್ಬನನ್ನು ಉಳಿಸಹೊರಟವನು ತಾನೂ ಉಳಿಯುತ್ತಾನೆ. 1939ರಲ್ಲಿ ಮೊದಲ ಸದಸ್ಯರ ಅನುಭವಗಳು, ಕುಡಿತದಿಂದ ಹೊರಬರುವ ಹನ್ನೆರಡು ಹೆಜ್ಜೆಗಳ ಸಮೇತ, ಪುಸ್ತಕವಾಗಿ ಬಂದವು. ಭಾರತದಲ್ಲಿ ಎಎ 1957ರಲ್ಲಿ ಮುಂಬೈಯಿಂದ ಶುರುವಾಯಿತು.

ಮೊದಲ ಹೆಜ್ಜೆ ಸೋಲೊಪ್ಪಿಗೆ. ಮದ್ಯದ ಮುಂದೆ ತನ್ನ ಆಟ ನಡೆಯದೆಂದು ಒಪ್ಪುವುದು. ಆಮೇಲೆ ತನಗಿಂತ ದೊಡ್ಡದಾದ ಶಕ್ತಿಯಲ್ಲಿ ನಂಬಿಕೆ. ಆ ಶಕ್ತಿ ಯಾವುದೆಂದು ಅವರವರೇ ಗೊತ್ತುಮಾಡಿಕೊಳ್ಳಬೇಕು. ವೈಷ್ಣವರು, ಸ್ವಾಮಿನಾರಾಯಣ ಪಂಥದವರು, ಜೈನರು, ಮುಸ್ಲಿಮರು, ಪಾರ್ಸಿಗಳು ಅಕ್ಕಪಕ್ಕ ಬಾಳುವ ಗುಜರಾತಿಗೆ ಈ ಸಡಿಲಿಕೆ ಚೆನ್ನಾಗಿ ಹೊಂದುತ್ತದೆ. ಸೃಷ್ಟಿಕರ್ತನನ್ನು ಒಪ್ಪದ ಜೈನನಿಗೆ ತನ್ನ ಗುಂಪೇ ಆ ಶಕ್ತಿಯಾಗಬಹುದು. ನಡುವಿನ ಹೆಜ್ಜೆಗಳಲ್ಲಿ ತನ್ನ ತಪ್ಪುಗಳ ಲೆಕ್ಕ ಬರೆದು ಇನ್ನೊಬ್ಬರ ಮುಂದೆ ಓದಬೇಕು, ನೊಂದವರ ಪಟ್ಟಿ ಮಾಡಬೇಕು, ಆದ ಹಾನಿಯನ್ನು ತುಂಬಿಕೊಡಬೇಕು. ಜೈನರು ಸಂವತ್ಸರಿಯ ದಿನ ‘ಮಿಚ್ಛಾಮಿ ದುಕ್ಕಡಂ’ ಎಂದು ಕ್ಷಮೆ ಕೇಳುವ ಪದ್ಧತಿಗೆ ಇದು ತೀರ ಹತ್ತಿರ. ಆದರೆ ಒಂಬತ್ತನೆಯ ಹೆಜ್ಜೆ ಬಾಯಿಮಾತಿಗೆ ನಿಲ್ಲುವುದಿಲ್ಲ. ಮಡದಿಯ ಒಡವೆ ಅಡವಿಟ್ಟು ಕುಡಿದಿದ್ದವನು ಅದನ್ನು ಬಿಡಿಸಿ ಕೊಡಬೇಕು. ಹಳೆಯದನ್ನು ಕೆದಕುವುದರಿಂದಲೇ ಯಾರಿಗಾದರೂ ಕೇಡಾಗುವುದಿದ್ದರೆ ಮಾತ್ರ ವಿನಾಯಿತಿ.

ಬಿಡುವುದಕ್ಕಿಂತ ಬಿಟ್ಟಂತೆ ಇರುವುದೇ ಕಷ್ಟ, ಮತ್ತು ಎಎಯ ನಿಜವಾದ ಕಸುಬು ಇದೇ. ಹತ್ತು, ಹನ್ನೊಂದು, ಹನ್ನೆರಡನೆಯ ಹೆಜ್ಜೆಗಳು ಮುಗಿಯುವಂಥವಲ್ಲ. ದಿನವೂ ತನ್ನ ನಡತೆಯನ್ನು ತಾನೇ ಒರೆಗೆ ಹಚ್ಚುವುದು, ಪ್ರಾರ್ಥನೆ ಇಲ್ಲವೆ ಧ್ಯಾನ, ಹೊಸಬರ ಕೈಹಿಡಿಯುವುದು. ಇಪ್ಪತ್ತು ವರ್ಷ ಕುಡಿಯದೆ ಇದ್ದವರೂ ಸಭೆಯಲ್ಲಿ ತಮ್ಮನ್ನು ವ್ಯಸನಿ ಎಂದೇ ಪರಿಚಯಿಸಿಕೊಳ್ಳುತ್ತಾರೆ. ಈ ದಿನವೊಂದು ಕುಡಿಯದಿದ್ದರೆ ಸಾಕು ಎನ್ನುತ್ತಾರೆ. ಒಬ್ಬರು ಮಾತಾಡುವಾಗ ಯಾರೂ ನಡುವೆ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಹೊಸಬನಿಗೆ ಅನುಭವಿಯೊಬ್ಬರು ‘ಸ್ಪಾನ್ಸರ್’ ಆಗಿರುತ್ತಾರೆ. ಹಸಿವು, ಸಿಟ್ಟು, ಒಂಟಿತನ, ದಣಿವು ಈ ನಾಲ್ಕರಲ್ಲಿ ಯಾವುದನ್ನು ಕಂಡರೂ ಎಚ್ಚರವಿರಲಿ ಎಂಬುದು ಅವರ ಬಾಯಲ್ಲಿ ಸದಾ ಇರುವ ಮಾತು. ಕುಡಿತ ಬಿಟ್ಟ ದಿನದ ವಾರ್ಷಿಕೋತ್ಸವಕ್ಕೆ ‘ಬರ್ತ್‌ಡೇ’ ಎನ್ನುತ್ತಾರೆ. ಮದುವೆಯ ಋತು, ನಿವೃತ್ತಿ, ಸಾವು ನೋವು, ಇವೆಲ್ಲ ಹಳಬರನ್ನೂ ಅಲುಗಾಡಿಸುತ್ತವೆ. ಗುಜರಾತಿಗಳಿಗೆ ಇನ್ನೊಂದು ಪರೀಕ್ಷೆ ರಾಜ್ಯದ ಗಡಿ. ಸೀರೆಯ ವ್ಯಾಪಾರಕ್ಕೆ ಮುಂಬೈಗೋ ಬೆಂಗಳೂರಿಗೋ ಹೊರಟ ಸೂರತ್ತಿನವನನ್ನು ಗಡಿಯಾಚೆ ನಶಾಬಂಧಿ ಕಾಯುವುದಿಲ್ಲ. ಆ ಊರುಗಳಲ್ಲೂ ಸಭೆಗಳಿವೆ; ಗುರುತು ಪರಿಚಯವಿಲ್ಲದಿದ್ದರೂ ಹೋಗಿ ಕೂರಬಹುದು.

ಹೆಸರು ಹೊರಗೆ ಹೇಳದಿರುವುದು ಎಲ್ಲೆಡೆ ಎಎಯ ನಿಯಮ. ಕುಡಿತವೇ ಅಪರಾಧವಾದ ನಾಡಿನಲ್ಲಿ ಈ ನಿಯಮದ ತೂಕ ಹೆಚ್ಚು. ಸಮಾಜದ ಕಣ್ಣಿಗೆ ಹೆದರಿ ಮನೆಯೊಳಗೇ ಕುಡಿಯುವ ಹೆಣ್ಣುಮಕ್ಕಳಿಗಂತೂ ಇನ್ನೂ ಹೆಚ್ಚು. ಧರ್ಮಸ್ಥಳದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳನ್ನು ಕಂಡ ಕನ್ನಡಿಗರಿಗೆ ವ್ಯತ್ಯಾಸ ಥಟ್ಟನೆ ತಿಳಿದೀತು. ಅಲ್ಲಿ ಊರಿಗೆ ಊರೇ ನಿಂತು ಕುಡಿತ ಬಿಡಿಸುತ್ತದೆ, ಬಿಟ್ಟವರು ಬಳಿಕ ನವಜೀವನ ಸಮಿತಿಗಳಲ್ಲಿ ಸೇರುತ್ತಾರೆ. ಎಎಯಲ್ಲಿ ಊರಿಗೆ ಗೊತ್ತಾಗುವ ಅಗತ್ಯವೇ ಇಲ್ಲ.

ಕೂಟ ಆಸ್ಪತ್ರೆಗೆ ಬದಲಿಯಾಗಲಾರದು. ವರ್ಷಗಟ್ಟಲೆ ವಿಪರೀತ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್, ಸನ್ನಿ ಬಂದು ಜೀವಕ್ಕೇ ಅಪಾಯವಾಗಬಹುದು. ಮೊದಲ ದಿನಗಳು ವೈದ್ಯರ ಕಣ್ಗಾವಲಿನಲ್ಲೇ ಕಳೆಯಬೇಕು. ಆಮೇಲಿನ ವರ್ಷಗಳಲ್ಲಿ ಎಎಯಿಂದ ಪ್ರಯೋಜನವಿದೆ ಎಂಬುದಕ್ಕೆ ಪುರಾವೆ ಇದೆ. ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸುವ ಕೊಕ್ರೇನ್ ಸಂಸ್ಥೆಯ 2020ರ ವಿಮರ್ಶೆ 27 ಅಧ್ಯಯನಗಳ 10,565 ಜನರ ಮಾಹಿತಿಯನ್ನು ಪರಿಶೀಲಿಸಿತು. ನಿಗದಿತ ಕ್ರಮದಲ್ಲಿ ಎಎಗೆ ಜೋಡಿಸುವ ಚಿಕಿತ್ಸೆ ಪಡೆದವರು, ಇತರ ಸ್ಥಾಪಿತ ಚಿಕಿತ್ಸೆ ಪಡೆದವರಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಪೂರ್ತಿ ಕುಡಿಯದೆ ಉಳಿದದ್ದು ಅದರಲ್ಲಿ ಕಂಡಿತು.

ಮನೆಯವರಿಗಾಗಿ ಬೇರೆಯೇ ಕೂಟವಿದೆ. ಬಿಲ್ ಅವರ ಪತ್ನಿ ಲೋಯಿಸ್ 1951ರಲ್ಲಿ ಗೆಳತಿಯೊಬ್ಬರ ಜತೆ ಕಟ್ಟಿದ ಅಲ್-ಅನಾನ್ ಅದೇ ಹನ್ನೆರಡು ಹೆಜ್ಜೆಗಳನ್ನು ವ್ಯಸನಿಗಳ ಹೆಂಡಂದಿರು, ಗಂಡಂದಿರು, ಹೆತ್ತವರಿಗೆ ಅನ್ವಯಿಸುತ್ತದೆ. ಮನೆಯ ವ್ಯಸನಿ ಕುಡಿತ ಬಿಟ್ಟಿರಲಿ, ಬಿಡದಿರಲಿ, ಅವರು ಅಲ್ಲಿಗೆ ಹೋಗಬಹುದು.