ಪ್ರೊಸೆಸರ್ ಬಾಳಿಕೆ ಬರತೈತೋ ಇಲ್ಲೋ?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಾಗ ಸ್ಟುಡಿಯೊಕ್ಕೋ, ಡಿಟಿಪಿಗೋ, ಮಕ್ಕಳ ಓದಿಗೋ ಹೊಸ ಕಂಪ್ಯೂಟರ್ ಜೋಡಿಸಾಕ ಹೊಂಟೀರೇನ್ರಿ? ಬೆಳಗಾವಿಗೋ ಹುಬ್ಬಳ್ಳಿಗೋ ಬಸ್ ಹತ್ತೂ ಮೊದಲ ಇಷ್ಟು ಕೇಳ್ರಿ.

ಯಾವ ಕಂಪನಿ ಚಲೋ ಅಂತ ಕೇಳಿದ್ರ ಸಾಲೂದಿಲ್ಲ. ಯಾವ ಮಾಡೆಲ್ ಅಂತ ಕೇಳ್ರಿ. ಇಂಟೆಲ್‌ನ 13 ಮತ್ತು 14ನೇ ಜನರೇಶನ್‌ನ ಹಲವು ಡೆಸ್ಕ್‌ಟಾಪ್ ಪ್ರೊಸೆಸರ್ ಬೇಕಾದ್ದಕ್ಕಿಂತ ಹೆಚ್ಚು ವೋಲ್ಟೇಜ್ ಎಳಕೊಂಡು ಒಳಗಿಂದ ಒಳಗ ಸವೀತಿದ್ದುವು. 2024ರಾಗ ಕಂಪನಿನೇ ಇದನ್ನ ಒಪ್ಪಿಕೊಂಡ್ತು. ಗೇಮ್ ನಡುವ ಬಂದ್ ಆಗೂದು, ಗ್ರಾಫಿಕ್ಸ್ ಮೆಮೊರಿ ಸಾಲವಲ್ದು ಅಂತ ಪರದೆ ಮ್ಯಾಲ ಬರೂದು. ಮಂದಿ ಪಾಪ, ಗ್ರಾಫಿಕ್ಸ್ ಕಾರ್ಡೇ ಕೆಟ್ಟೈತಿ ಅಂದ್ಕೊಂಡ್ರು! ಆ ವರ್ಷದ ಆಗಸ್ಟ್‌ನಾಗ ಇದನ್ನ ತಡೆಯಾಕ ಬಯೋಸ್ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಬಂತು, ವಾರಂಟಿನೂ 2 ವರ್ಷ ಹೆಚ್ಚಾತು. ಆದ್ರ ಮೊದಲ ಸವೆದ ಚಿಪ್ ಅಪ್‌ಡೇಟ್‌ನಿಂದ ರಿಪೇರಿ ಆಗೂದಿಲ್ಲ. ಅದಕ್ಕ ಈ ಮಾಡೆಲ್ ಸೆಕೆಂಡ್ ಹ್ಯಾಂಡ್ ಬ್ಯಾಡೇ ಬ್ಯಾಡ್ರಿ.

ಎಎಂಡಿಯೂ ತಪ್ಪಿಸಿಕೊಂಡಿಲ್ಲ. 2023ರಾಗ ರೈಜೆನ್ 7000 ಎಕ್ಸ್3ಡಿ ಚಿಪ್ ಕೆಲವು ಸುಟ್ಟುವು. ಆಮ್ಯಾಲ ಚಿಪ್‌ಗೆ ಹೋಗೂ ಒಂದು ವೋಲ್ಟೇಜನ್ನ (ಎಸ್‌ಒಸಿ ವೋಲ್ಟೇಜ್) ಕಂಪನಿ 1.3 ವೋಲ್ಟ್‌ಗೆ ಮಿತಿ ಮಾಡ್ತು.

ಸೀಲ್ ಇದ್ದ ಬಾಕ್ಸ್ ತಗೋರಿ, ಬಿಲ್ ಮ್ಯಾಲ ಸೀರಿಯಲ್ ನಂಬರ್ ಬರಸ್ರಿ. ಪ್ರೊಸೆಸರ್ ಸರಿ ಐತೋ ಇಲ್ಲೋ ಪರೀಕ್ಷಿಸಾಕ, ಮನಿಗೆ ಬಂದ ದಿನಾನ ದೊಡ್ಡ ಜಿಪ್ ಫೈಲ್ ನಾಕೈದು ಸಲ ಬಿಚ್ಚಿ ನೋಡ್ರಿ. ಪದೇ ಪದೇ ಎರರ್ ಬಂದ್ರ ಅಂಗಡಿಯವರಿಗೆ ತೋರಸ್ರಿ. ಬಯೋಸ್ ಅಪ್‌ಡೇಟ್ ಮಾತ್ರ ಯುಪಿಎಸ್ ಮ್ಯಾಲ ಮಾಡ್ರಿ, ನಡುವ ಕರೆಂಟ್ ಹೋದ್ರ ಮದರ್‌ಬೋರ್ಡೇ ಏಳದಂಗ ಆಗಬಹುದು.